ಗುರುತಿಲ್ಲ ಎಂದವನಿಗೆ ಎರಡು ರೊಟ್ಟಿ

೧೯೮೫ರ ಫೆಬ್ರುವರಿಯ ಒಂದು ಶನಿವಾರ, ಮಧ್ಯಾಹ್ನದ ಊಟದ ಗಂಟೆಗೆ ಸ್ವಲ್ಪ ಮೊದಲು, ಮಸ್ಕಿಯಲ್ಲಿ ನಾನಿದ್ದ ಹಾಸ್ಟೆಲ್ಲಿನ ಅಂಗಳದಲ್ಲಿ ನಿಂತು ಒಬ್ಬ ಮುದುಕರ ಮುಖ ನೋಡಿ ‘ಇವರ ಗುರುತು ನನಗಿಲ್ಲ’ ಎಂದೆ. ಆ ಮುದುಕರು ನನಗೆ ದೀಕ್ಷಾಸ್ನಾನ ಕೊಟ್ಟವರು. ನನ್ನ ಅಪ್ಪನನ್ನು ಮಣ್ಣು ಮಾಡಿದವರು. ಅವತ್ತು ಎರಡು ಬಸ್ಸು ಹತ್ತಿ ಇಳಿದು ಬಂದದ್ದೂ ನನಗಾಗಿಯೇ. ನನಗೆ ಆಗ ಹದಿನಾರು ವರ್ಷ, ಏನೂ ತಿಳಿಯದ ಕೂಸಲ್ಲ.

‘ದೇವರು ನಿಮ್ಮನ್ನು ಹೇಗೆ ಕರೆದರು, ಬರೆದುಕೊಡಿ ಫಾದರ್’ ಎಂದು ಚರ್ಚಿಗೆ ಬರುವ ನೀವೆಲ್ಲ ಒಂದು ವರ್ಷದಿಂದ ಕೇಳುತ್ತಿದ್ದೀರಿ. ಕರೆದದ್ದನ್ನು ಬರೆಯುವುದು ಸುಲಭ. ಕರೆದಾಗ ನಾನು ಮಾಡಿದ್ದೇನು ಎಂಬುದನ್ನೂ ಬರೆಯಬೇಕಲ್ಲ, ಅದಕ್ಕೇ ನೆಗಡಿ, ಜ್ವರ, ಮೀಟಿಂಗು ಎಂದು ನೆಪ ಹೇಳಿಕೊಂಡು ದಿನ ತಳ್ಳಿದೆ. ಪೂಜೆ ಮುಗಿದ ಮೇಲೆ ನೀವು ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಳ್ಳುತ್ತೀರಿ. ಆಗೆಲ್ಲ ನನ್ನ ಮೈ ಹಿಡಿಯಾಗುತ್ತದೆ. ಇವತ್ತು ಬರೆದುಬಿಡುತ್ತೇನೆ. ಓದಿದ ಮೇಲೆ ಕೈ ಹಿಡಿಯುವುದು ಬಿಡುವುದು ನಿಮಗೆ ಸೇರಿದ್ದು.

ನಮ್ಮೂರು ಬಳಗಾನೂರು. ಅವ್ವ ಭತ್ತದ ನಾಟಿ ಹಚ್ಚುವ ಕೂಲಿ. ನಾನು ಆರನೆಯ ಇಯತ್ತೆಯಲ್ಲಿದ್ದಾಗ ಅಪ್ಪ ಎದೆನೋವಿನಿಂದ ತೀರಿಕೊಂಡ. ನಮ್ಮ ಓಣಿಯಲ್ಲಿ ಕೆಲವು ಮನೆಗಳವರು ದೀಕ್ಷಾಸ್ನಾನ ಪಡೆದಿದ್ದೆವು, ಹಾಗಾಗಿ ನಮಗೆಲ್ಲ ಎರಡೆರಡು ಹೆಸರು. ಸಾಲೆಯಲ್ಲಿ, ರೇಷನ್ ಕಾರ್ಡಿನಲ್ಲಿ ನಾನು ಹನುಮಂತ. ಪೂಜೆಯಲ್ಲಿ ಜೋಸೆಫ್. ಸಾಲೆಗೆ ಹೆಸರು ಹಚ್ಚಿದ್ದು ನನ್ನ ಅಜ್ಜ, ನಾವು ಇನ್ನೂ ಕ್ರೈಸ್ತರಾಗುವ ಮೊದಲು. ಆಮೇಲೆ ಅದನ್ನು ಯಾರೂ ತಿದ್ದಿಸಲಿಲ್ಲ, ತಿದ್ದಿಸಲು ಧೈರ್ಯವೂ ಇರಲಿಲ್ಲ. ಹಾಸ್ಟೆಲ್ಲಿನ ಸೀಟು ಸಿಕ್ಕಿದ್ದು ಜಾತಿ ಸರ್ಟಿಫಿಕೇಟಿನ ಮೇಲೆ. ಕ್ರೈಸ್ತನೆಂದು ಬರೆಸಿದರೆ ಆ ಸರ್ಟಿಫಿಕೇಟು ನಡೆಯುವುದಿಲ್ಲ. ಸೀಟು ಹೋದರೆ ನನ್ನ ಓದು ಹೋಯಿತು, ಅಷ್ಟೇ ಲೆಕ್ಕ. ಈ ಅಂಜಿಕೆ ನಮ್ಮ ಓಣಿಯ ಪ್ರತಿ ಮನೆಯಲ್ಲೂ ಇತ್ತು, ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ಆ ಮುದುಕರ ಹೆಸರು ಲೂಕಸ್ ಸ್ವಾಮಿಗಳು. ಮಂಗಳೂರು ಕಡೆಯವರು. ಸಿಂಧನೂರಿನಲ್ಲಿ ಇದ್ದುಕೊಂಡು ಲೂನಾ ಗಾಡಿಯ ಮೇಲೆ ಕಾಲುವೆ ದಂಡೆಯ ಊರೂರು ತಿರುಗುತ್ತಿದ್ದರು. ಮಾತಾಡಿದರೆ ಪುಸ್ತಕ ಓದಿದ ಹಾಗೆ, ನಡುನಡುವೆ ‘ಮಾರಾಯ’, ‘ಎಂತ’. ನಮ್ಮ ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ನಾನು ಒಂಬತ್ತು ವರ್ಷದವನಿದ್ದಾಗ ಒಂದು ಬೇಸಿಗೆಯ ಮಧ್ಯಾಹ್ನ ಅವರು ನಮ್ಮ ಮನೆಯ ಬಾಗಿಲಲ್ಲಿ ಗಾಡಿ ನಿಲ್ಲಿಸಿ, ‘ಅಮ್ಮ, ಕುಡಿಯಲಿಕ್ಕೆ ನೀರು ಕೊಡಿ’ ಎಂದರು. ಅವ್ವ ಗಾಬರಿಯಾದಳು. ಹೊರಗಿನವರು ಯಾರೂ ನಮ್ಮ ಕೊಡದ ನೀರು ಕುಡಿದದ್ದನ್ನು ಅವಳು ಕಂಡಿರಲಿಲ್ಲ.

‘ನಮ್ಮನಿ ನೀರು ಅದಾವ್ರೀ ಸ್ವಾಮಿ’ ಎಂದಳು.

‘ನಿಮ್ಮ ಮನೆಯದ್ದೇ ಕೇಳಿದ್ದು’ ಎಂದರು ಅವರು. ಎರಡು ಚೊಂಬು ಕುಡಿದು, ಉಳಿದ ನೀರನ್ನು ತಲೆಗೆ ಸುರುವಿಕೊಂಡು ಹೋದರು.

ನನ್ನನ್ನು ದೇವರು ಕರೆದದ್ದು ಆಗಲೇ. ಬೆಳಕು ಕಾಣಲಿಲ್ಲ, ದನಿ ಕೇಳಲಿಲ್ಲ. ಬಾಗಿಲ ಮರೆಯಲ್ಲಿ ನಿಂತು ಆ ಚೊಂಬು ಖಾಲಿಯಾಗುವುದನ್ನು ನೋಡುತ್ತ, ನಾನು ಇವರ ಹಾಗೆ ಆಗಬೇಕು, ಇವರ ಹಾಗೆ ಮನೆಮನೆಗೆ ಹೋಗಿ ನೀರು ಕೇಳಬೇಕು ಎಂದುಕೊಂಡೆ. ಹದಿನಾಲ್ಕಕ್ಕೆ ಅವರ ಮುಂದೆ ಹೇಳಿದೆ. ಅವರು ನಕ್ಕರು. ‘ಮೊದಲು ಗಣಿತದಲ್ಲಿ ಪಾಸಾಗು ಮಾರಾಯ. ದೇವರು ಓಡಿಹೋಗುವುದಿಲ್ಲ.’ ಆದರೆ ಮರೆಯಲಿಲ್ಲ. ನಾನು ಎಸ್ಸೆಸ್ಸೆಲ್ಸಿಗೆ ಬಂದಾಗ, ಪಾದ್ರಿಯಾಗುವವರು ಓದುವ ಗುರುಮಠಕ್ಕೆ ಪತ್ರ ಬರೆದು ಅರ್ಜಿ ಫಾರಂ ತರಿಸಿದರು. ಅದರ ಮೇಲೆ ನನ್ನ ಸಹಿ, ಅವ್ವನ ಹೆಬ್ಬೆಟ್ಟು ಬೇಕಾಗಿತ್ತು.

ಇಷ್ಟರಲ್ಲಿ ಹಾಸ್ಟೆಲ್ಲಿನಲ್ಲಿ ಒಂದು ಸುದ್ದಿ ಎದ್ದಿತು. ರಾಯಚೂರಿನಿಂದ ತಪಾಸಣೆಯ ಸಾಹೇಬರು ಬರುತ್ತಾರೆ, ಎಲ್ಲರ ಕಾಗದ ನೋಡುತ್ತಾರೆ ಎಂದು. ಪಕ್ಕದ ಹುಡುಗ ನನ್ನ ಕಿವಿಯಲ್ಲಿ ಹೇಳಿದ, ‘ಲೇ, ಯೇಸುನ ಪೂಜಿಗೆ ಹೋಗೋರ್ನ ಹುಡುಕಾಕತ್ತಾರಂತ. ಸಿಕ್ರ ಟ್ರಂಕು ಹೊರಗ ಒಗೀತಾರಂತ.’ ಅವನಿಗೆ ಯಾರು ಹೇಳಿದರೋ ದೇವರೇ ಬಲ್ಲ. ನಾನು ಟ್ರಂಕಿನಲ್ಲಿದ್ದ ಜಪಸರವನ್ನು ಬಚ್ಚಲ ಹಿಂದಿನ ಗೋಡೆಯ ಸಂದಿಯಲ್ಲಿ ತುರುಕಿಬಂದೆ. ಆ ವಾರದ ಶನಿವಾರವೇ ಲೂಕಸ್ ಸ್ವಾಮಿಗಳು ಬಂದರು.

ನಿಲುವಂಗಿ ತೊಟ್ಟು ಬಂದಿರಲಿಲ್ಲ. ಬಿಳಿ ಪಂಚೆ, ಕಂದು ಅಂಗಿ, ಕೊರಳಲ್ಲಿ ಯಾವಾಗಲೂ ಇರುತ್ತಿದ್ದ ಶಿಲುಬೆಯೂ ಇಲ್ಲ. ಹೆಗಲಿಗೆ ಒಂದು ಬಟ್ಟೆ ಚೀಲ. ವಾರ್ಡನ್ ಸಾಹೇಬರ ಮುಂದೆ ನಿಂತು ಕೇಳಿದ್ದೂ ‘ಬಳಗಾನೂರಿನ ಹನುಮಂತ’ ಎಂದು. ದೀಕ್ಷಾಸ್ನಾನ ಕೊಟ್ಟಾಗಿನಿಂದ ಅವರು ನನ್ನನ್ನು ಜೋಸೆಫ್ ಎಂದೇ ಕರೆದವರು. ನನಗೆ ತೊಂದರೆಯಾಗಬಾರದೆಂದು ತಮ್ಮ ಅಂಗಿಯನ್ನೂ ನನ್ನ ಹೆಸರನ್ನೂ ಬದಲಿಸಿಕೊಂಡು ಬಂದಿದ್ದರು. ಇದು ನನಗೆ ಹೊಳೆದದ್ದು ಬಹಳ ದಿನಗಳ ಮೇಲೆ. ಅವತ್ತು ನನಗೆ ಕೇಳಿಸಿದ್ದು ಅವರ ಮಂಗಳೂರು ಮಾತು ಮಾತ್ರ. ಈ ಮಾತು ಕೇಳಿದರೆ ಸಾಕು, ಇವರು ಯಾರೆಂದು ಎಲ್ಲರಿಗೂ ತಿಳಿದುಹೋಗುತ್ತದೆ ಎಂದು ಅಂಜಿದೆ.

ವಾರ್ಡನ್ ಸಾಹೇಬರು ಕೆಟ್ಟವರಲ್ಲ. ಸುಮ್ಮನೆ ಕೇಳಿದರು, ‘ಹನುಮಂತಾ, ಇವ್ರು ನಿನ್ನ ಕಾಣಾಕ ಬಂದಾರ ನೋಡು. ಗುರ್ತು ಐತಲ್ಲ?’

ಗುರುತಿದೆ, ನಮ್ಮೂರ ಕಡೆ ಬರುತ್ತಿರುತ್ತಾರೆ ಎಂದಿದ್ದರೆ ಆಗುತ್ತಿತ್ತು. ಯಾರೂ ಏನೂ ಕೇಳುತ್ತಿರಲಿಲ್ಲ. ಸುತ್ತ ಹುಡುಗರು ತಾಟು ಹಿಡಿದು ನಿಂತಿದ್ದರು. ನಾನು ಸ್ವಾಮಿಗಳ ಮುಖವನ್ನೊಮ್ಮೆ ನೋಡಿ, ‘ಇಲ್ರೀ ಸರ್. ಇವ್ರ ಗುರ್ತು ನನಗಿಲ್ರೀ’ ಎಂದೆ.

‘ಹೌದೇನು? ಊರು, ಹೆಸರು ಎಲ್ಲಾ ಬರೋಬ್ಬರಿ ಹೇಳ್ಯಾರಲ್ಲ?’

‘ಎಂದೂ ನೋಡಿಲ್ರೀ.’

ಸ್ವಾಮಿಗಳು ನನ್ನನ್ನು ಒಂದು ಗಳಿಗೆ ನೋಡಿದರು. ಸಿಟ್ಟಿನಿಂದ ನೋಡಿದ್ದರೆ ತಡೆದುಕೊಳ್ಳುತ್ತಿದ್ದೆ. ಆಮೇಲೆ ವಾರ್ಡನ್ ಸಾಹೇಬರಿಗೆ ಕೈ ಮುಗಿದು, ‘ಕ್ಷಮಿಸಿ ಸಾರ್, ನನ್ನದೇ ತಪ್ಪು. ನಾನು ಹುಡುಕುತ್ತಿರುವ ಹುಡುಗ ಬೇರೆ. ವಯಸ್ಸಾಯಿತು ನೋಡಿ, ಕಣ್ಣು ಸರಿ ಇಲ್ಲ’ ಎಂದರು. ನನ್ನ ಸುಳ್ಳನ್ನು ಎತ್ತಿ ತಮ್ಮ ತಲೆಯ ಮೇಲೆ ಇಟ್ಟುಕೊಂಡರು. ಹೊರಡುವ ಮೊದಲು, ‘ಸ್ವಲ್ಪ ಕುಡಿಯಲಿಕ್ಕೆ ನೀರು ಸಿಕ್ಕೀತಾ?’ ಎಂದು ಕೇಳಿದರು. ನೀರಿನ ಹಂಡೆ ನನ್ನ ಪಕ್ಕದಲ್ಲೇ ಇತ್ತು. ನಾನು ಜಾಗ ಬಿಟ್ಟು ಕದಲಲಿಲ್ಲ. ಅಡುಗೆಯ ಹುಲಿಗೆಮ್ಮ ಒಳಗಿನಿಂದ ಕರೆದು ಅಡುಗೆಮನೆಯ ಬಾಗಿಲಲ್ಲಿ ನೀರು ಕೊಟ್ಟಳು. ನಾನು ಗೋಡೆಗೆ ಆತುಕೊಂಡು ನಿಂತೆ. ಅವರು ಬಸ್‌ಸ್ಟ್ಯಾಂಡಿನ ದಾರಿ ಹಿಡಿದು ಹೋಗುವುದು ಕಂಡಿತು. ಹೆಗಲ ಚೀಲ ಜೋತುಬಿದ್ದಿತ್ತು.

ಗಂಟೆ ಹೊಡೆಯಿತು. ಅವತ್ತು ಅನ್ನ ಸಾರಿನ ಜೊತೆ ಹುಲಿಗೆಮ್ಮ ಸಜ್ಜೆ ರೊಟ್ಟಿಯ ತುಂಡು, ಶೇಂಗಾ ಚಟ್ನಿ ಹಂಚುತ್ತ ಬಂದಳು. ‘ಆ ಹಿರ್ಯಾರು ಕೊಟ್ಟು ಹೋದ್ರು, ಹುಡುಗ್ರು ತಿನ್ಲಿ ಅಂತ’ ಎಂದಳು. ಎಲ್ಲರಿಗೂ ಕಾಲು ಕಾಲು ತುಂಡು ಬಂದಿತು. ನನ್ನ ತಾಟಿಗೆ ಎರಡು ಇಡೀ ರೊಟ್ಟಿ ಬಿದ್ದವು. ಯಾಕೆಂದು ಕೇಳಲಿಲ್ಲ, ನನಗೆ ಅದರ ಮೇಲೆ ಗಮನವೇ ಇರಲಿಲ್ಲ. ನನ್ನ ಕಣ್ಣು ಹುಲಿಗೆಮ್ಮನ ಕೈಯಲ್ಲಿದ್ದ ಬಟ್ಟೆಯ ಮೇಲಿತ್ತು. ನೀಲಿ ಸೀರೆಯ ಹರಿದ ತುಂಡು, ಹಳದಿ ಅಂಚು. ನನ್ನ ಅವ್ವನ ಸೀರೆ. ಸ್ವಾಮಿಗಳು ಸಿಂಧನೂರಿನಿಂದ ಮೊದಲು ಬಳಗಾನೂರಿಗೆ ಹೋಗಿ, ಅವ್ವನ ಹೆಬ್ಬೆಟ್ಟು ಒತ್ತಿಸಿಕೊಂಡು, ಅವಳು ಕಟ್ಟಿಕೊಟ್ಟ ರೊಟ್ಟಿ ಹೊತ್ತು ಇನ್ನೊಂದು ಬಸ್ಸಿನಲ್ಲಿ ಮಸ್ಕಿಗೆ ಬಂದಿದ್ದರು. ನನ್ನ ತಾಯಿ ನನಗೆಂದು ಬಡಿದ ರೊಟ್ಟಿಯನ್ನು ನಾನು ಯಾರೋ ದಾರಿಹೋಕರು ಕೊಟ್ಟದ್ದೆಂಬಂತೆ ಮೂವತ್ತು ಹುಡುಗರ ನಡುವೆ ಕೂತು ತಿಂದೆ. ಬಿಡದೆ ತಿಂದೆ, ಹಸಿವಾಗಿತ್ತು. ಇದನ್ನು ನೆನೆದರೆ ನನಗೆ ಈಗಲೂ ಮುಖ ಎತ್ತಲಾಗುವುದಿಲ್ಲ.

ಹದಿನೈದು ದಿನ ಬಿಟ್ಟು ತಪಾಸಣೆಯ ಸಾಹೇಬರು ಬಂದರು. ಅಕ್ಕಿ ಚೀಲ ನೋಡಿದರು, ಚಹಾ ಕುಡಿದರು, ಹೋದರು. ನಮ್ಮ ಹೆಸರನ್ನು ಸಹ ಕೇಳಲಿಲ್ಲ!

ಅಲ್ಲಿಂದ ಮುಂದೆ ನಾನು ಮಾಡಿದ್ದೆಲ್ಲ ತಪ್ಪಿಸಿಕೊಂಡು ತಿರುಗುವ ಕೆಲಸ. ಪರೀಕ್ಷೆ ಮುಗಿದದ್ದೇ ಸಿಂಧನೂರಿನ ಒಂದು ರೈಸ್‌ಮಿಲ್ಲಿನಲ್ಲಿ ಚೀಲ ಹೊಲಿಯುವ ಕೆಲಸಕ್ಕೆ ಸೇರಿದೆ. ಸ್ವಾಮಿಗಳು ಬಳಗಾನೂರಿಗೆ ಪೂಜೆಗೆ ಬರುವ ಭಾನುವಾರಗಳಲ್ಲಿ ನನಗೆ ಮಿಲ್ಲಿನಲ್ಲಿ ಬಹಳ ಕೆಲಸ ಇರುತ್ತಿತ್ತು. ಮೇ ತಿಂಗಳಲ್ಲಿ ಅವರಿಗೆ ಲಿಂಗಸುಗೂರು ಕಡೆಗೆ ವರ್ಗವಾಯಿತೆಂದು ಕೇಳಿ, ನಿಜ ಹೇಳುತ್ತೇನೆ, ನನಗೆ ಹಾಯೆನಿಸಿತು. ಅವರು ನನ್ನ ಬಗ್ಗೆ ಅವ್ವನ ಮುಂದೆ ಒಂದು ಮಾತೂ ಆಡದೆ ಹೋಗಿದ್ದರು. ‘ರೊಟ್ಟಿ ಮುಟ್ಟಿತಮ್ಮ, ಉಳಿದದ್ದು ಮಗನೇ ಹೇಳುತ್ತಾನೆ’ ಎಂದಿದ್ದರಂತೆ.

ಮಗ ಹೇಳಿದ. ಜೂನಿನಲ್ಲಿ ಅವ್ವ ಕೇಳಿದಳು, ‘ಹನ್ಮ್ಯಾ, ಗುರುಮಠದಿಂದ ಕಾಗದ ಬರತೈತಿ ಅಂದಿದ್ರಲ್ಲೋ. ಬಂತೇನು?’

‘ಬಂದೈತಿ ಬೇ. ಒಲ್ಲೆ ಅಂದಾರ.’

‘ಯಾಕಂತ?’

‘ಯಾಕೋ ಏನೋ. ನಮ್ಮಂಥವ್ರು ಬ್ಯಾಡಾಗಿರಬೇಕು.’

ಅವ್ವ ಒಲೆಯ ಮುಂದೆ ಕೂತವಳು ಬೆಂಕಿ ಕೆದಕಿದಳು. ಆಮೇಲೆ, ‘ಅವ್ರದೇನೂ ತಪ್ಪಿಲ್ಲ. ತಪ್ಪು ನಂದೈತಿ’ ಎಂದಳು. ಅಪ್ಪ ಹಾಸಿಗೆ ಹಿಡಿದಾಗ ಅವಳು ಯಾರಿಗೂ ಹೇಳದೆ ಊರಮ್ಮನ ಕಟ್ಟೆಗೆ ಹೋಗಿ ಹರಕೆ ಹೊತ್ತಿದ್ದಳಂತೆ. ‘ಒಬ್ಬನ್ನ ನಂಬೀನಿ ಅಂತ ಹೇಳಿ ಇನ್ನೊಬ್ರ ಮುಂದ ಸೆರಗು ಒಡ್ಡಿದೆ. ಅದಕ್ಕ ದೇವರು ನನ್ನ ಮಗನ್ನ ತಗೊಳ್ಳಲಿಲ್ಲ.’ ನನ್ನ ಸುಳ್ಳನ್ನು ತನ್ನ ಪಾಪ ಮಾಡಿಕೊಂಡು ಅವಳು ಅಳುತ್ತಿದ್ದಳು. ‘ಇಲ್ಲ ಬೇ’ ಎನ್ನಲು ನನಗೆ ಬಾಯಿ ಬರಲಿಲ್ಲ.

ಅವತ್ತಿನಿಂದ ಮಂಗಳವಾರ ಮಂಗಳವಾರ ಸಂತ ಅಂತೋಣಿಯವರ ಹೆಸರಿನಲ್ಲಿ ಉಪವಾಸ ಹಿಡಿದಳು. ಕಳೆದುಹೋದದ್ದನ್ನು ಹುಡುಕಿಕೊಡುವ ಸಂತರು ಅವರು, ನಿಮಗೆ ಗೊತ್ತೇ ಇದೆ. ನಾಟಿಯ ಕೆಲಸ ಎಂದರೆ ಬೆಳಗಿನಿಂದ ಸಂಜೆಯವರೆಗೆ ನೀರಿನಲ್ಲಿ ಬಗ್ಗಿ ನಿಲ್ಲುವುದು. ಆ ಕೆಲಸವನ್ನು ಹಸಿದ ಹೊಟ್ಟೆಯಲ್ಲಿ ಮಾಡಿ, ಬುತ್ತಿಯನ್ನು ಪಕ್ಕದವರಿಗೆ ಕೊಟ್ಟು ಬರುತ್ತಿದ್ದಳು. ಸಂಜೆ ಬೆರಳ ಸಂದಿಗಳು ಬೆಳ್ಳಗೆ ನೆನೆದು ಸುಲಿದಿರುತ್ತಿದ್ದವು. ಅರಿಶಿನ ಎಣ್ಣೆ ಕಲಸಿ ಹಚ್ಚಿಕೊಳ್ಳುತ್ತ, ‘ಕಳಕೊಂಡಿದ್ದು ಕೊಡ್ರಿ ಅಂತೋಣಪ್ಪ’ ಎನ್ನುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಅನ್ನ ಉಣ್ಣುತ್ತಿದ್ದೆ. ಎರಡು ವರ್ಷ!

ಈ ಎರಡು ವರ್ಷದಲ್ಲಿ ನಾನು ಚರ್ಚಿಗೆ ಹೋಗಲಿಲ್ಲ. ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಬಿಳಿ ನಿಲುವಂಗಿ ಕಂಡರೆ ಕಂಬದ ಹಿಂದೆ ಸರಿಯುತ್ತಿದ್ದೆ. ಒಂದು ದಿನ ಮಿಲ್ಲಿನಲ್ಲಿ ಚೀಲದ ಬಾಯಿ ಹೊಲಿಯುತ್ತ ಹೊಲಿಯುತ್ತ ದಬ್ಬಣ ಕೈಗೆ ಚುಚ್ಚಿಕೊಂಡಿತು. ನೋವಿಗಿಂತ ಹೆಚ್ಚಾಗಿ ಅಳು ಬಂತು. ಹೊಟ್ಟಿನ ರಾಶಿಯ ಹಿಂದೆ ಕೂತು, ‘ದೇವರೇ, ಅವರ ಎದುರಿಗೆ ಒಂದು ಸಲ ನಿಲ್ಲಿಸು. ನಾನಾಗಿ ಹೋಗಲಾರೆ, ನೀನೇ ದಬ್ಬು’ ಎಂದೆ. ಹೇಡಿಯ ಪ್ರಾರ್ಥನೆ ಅದು. ಆದರೂ ನಾನು ಮಾಡಿದ ಮೊದಲ ನಿಜವಾದ ಪ್ರಾರ್ಥನೆ ಅದೇ ಎಂದು ಈಗ ಅನಿಸುತ್ತದೆ.

ದೇವರು ನನ್ನ ಅವ್ವನ ಕೈಯಿಂದ ದಬ್ಬಿದ. ೧೯೮೭ರ ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಅವಳು ನನ್ನ ಮುಂದೆ ಒಂದು ಗಂಟು ತಂದಿಟ್ಟಳು. ಅದೇ ನೀಲಿ ಸೀರೆಯ ಇನ್ನೊಂದು ತುಂಡು.

‘ಲೂಕಸ್ ಸ್ವಾಮ್ಯಾರು ಗಾಡಿ ಮ್ಯಾಲಿಂದ ಬಿದ್ದಾರಂತ. ಸಕ್ಕರಿ ಬ್ಯಾನಿ ಬ್ಯಾರೆ, ಗಾಯ ಮಾಯವಲ್ದಂತ. ಲಿಂಗಸುಗೂರು ದವಾಖಾನ್ಯಾಗ ಅದಾರಂತ. ನನಗ ನಾಟಿ ಬಿಡಾಕ ಬರೂದಿಲ್ಲ. ರೊಟ್ಟಿ ಕಟ್ಟೀನಿ, ಕೊಟ್ಟು ಬಾ.’

‘ನನಗೂ ಕೆಲಸ ಐತಿ ಬೇ.’

‘ನಿಮ್ಮಪ್ಪನ ಮಣ್ಣಿಗಿ ಬಂದೋರೋ ಅವ್ರು!’ ಎಂದು ಗದರಿದಳು. ‘ನಡಿ ಸುಮ್ನ.’

ಬಳಗಾನೂರಿನಿಂದ ಮಸ್ಕಿ, ಮಸ್ಕಿಯಲ್ಲಿ ಬಸ್ಸು ಬದಲಿಸಿ ಲಿಂಗಸುಗೂರು. ಅವತ್ತು ಅವರು ಬಂದ ಹಾಗೆಯೇ ರೊಟ್ಟಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಎರಡು ಬಸ್ಸು. ಮಸ್ಕಿಯಲ್ಲಿ ಇಳಿದಾಗ ಗಂಟನ್ನು ಯಾರ ಕೈಗಾದರೂ ಕೊಟ್ಟು ಕಳಿಸಿ ವಾಪಸು ಹೋಗಿಬಿಡೋಣ ಎಂದು ಯೋಚಿಸಿದೆ. ಲಿಂಗಸುಗೂರಿನ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಕಂಡಕ್ಟರು ‘ಹತ್ತೋ ಇಳಿಯೋ, ಒಂದು ಮಾಡು’ ಎಂದು ಬೈದ. ಹತ್ತಿದೆ.

ದವಾಖಾನೆಯ ಬಾಗಿಲಲ್ಲಿ ಒಬ್ಬ ಆಯಾ ತಡೆದಳು. ‘ಯಾರ್ ಬೇಕು?’

‘ಲೂಕಸ್ ಸ್ವಾಮ್ಯಾರು.’

‘ನೀ ಏನಾಗಬೇಕು ಅವ್ರಿಗೆ? ಅವರ ಕಡಿ ಮಂದಿ ಯಾರೂ ಇಲ್ಲ ಅಂದಿದ್ರಲ್ಲ.’

ಏನಾಗಬೇಕು ನಾನು? ಬಾಗಿಲಾಚೆಗೆ ಮಂಚದ ಮೇಲೆ ಅವರು ಕಾಣುತ್ತಿದ್ದರು, ಕಾಲಿಗೆ ದಪ್ಪ ಪಟ್ಟಿ, ಮೊದಲಿನ ಅರ್ಧವಾಗಿದ್ದರು. ನಾನು ಇಡೀ ವಾರ್ಡಿಗೆ ಕೇಳುವ ಹಾಗೆ ಹೇಳಿದೆ, ‘ನಾ ಅವ್ರ ಕಡಿಯವ. ಬಳಗಾನೂರು ಜೋಸೆಫ್ ನಾನು.’

ಅವರು ತಲೆ ತಿರುಗಿಸಿದರು. ನನ್ನನ್ನು ಮೇಲಿಂದ ಕೆಳಗೆ ನೋಡಿ ಆಯಾಗೆ ಹೇಳಿದರು, ‘ಈ ಹುಡುಗನ ಗುರುತು ನನಗಿಲ್ಲವಲ್ಲಮ್ಮ.’

ನನ್ನ ಜೀವ ಹೋದ ಹಾಗಾಯಿತು. ಆಯಾ ನನ್ನ ತೋಳು ಹಿಡಿದು, ‘ಹಂಗಾದ್ರ ಹೊರಗ ನಡೀಪಾ’ ಎಂದಳು. ಸರಿಯಾಗಿಯೇ ಇದೆ, ನನಗೆ ಇದೇ ಆಗಬೇಕು ಎಂದು ತಿರುಗಿದೆ. ಆಗ ಹಿಂದಿನಿಂದ ಮಂಚ ಕಿರುಗುಟ್ಟುವ ಸದ್ದು ಕೇಳಿತು. ನೋಡಿದರೆ ಸ್ವಾಮಿಗಳು ನಗುತ್ತಿದ್ದಾರೆ. ಹೊಟ್ಟೆ ಹಿಡಿದುಕೊಂಡು, ಕಾಲಿನ ನೋವಿಗೆ ‘ಅಯ್ಯೋ ಅಯ್ಯೋ’ ಎನ್ನುತ್ತ ನಗುತ್ತಿದ್ದಾರೆ.

‘ಬಿಡಮ್ಮ, ಬಿಡು, ಅವ ನನ್ನ ಮಗನೇ. ಎರಡೂವರೆ ವರ್ಷದಿಂದ ಈ ಒಂದು ಮಾತು ಹೇಳಬೇಕು ಅಂತ ಕಾದಿದ್ದೆ ಮಾರಾಯ. ಈಗ ಸಮ ಆಯಿತು. ಬಾ, ಕೂತುಕೋ.’

ನನಗೆ ನಗು ಬರಲಿಲ್ಲ. ಮಂಚದ ಕಬ್ಬಿಣದ ಪಟ್ಟಿ ಹಿಡಿದು ನೆಲದ ಮೇಲೆ ಕೂತು ಸಣ್ಣ ಹುಡುಗನ ಹಾಗೆ ಅತ್ತೆ. ಅವರು ಸುಮ್ಮನಿರಿಸಲಿಲ್ಲ. ನಾನು ಸಾಕೆನಿಸುವಷ್ಟು ಅತ್ತ ಮೇಲೆ, ‘ಗಂಟಿನಲ್ಲಿ ಎಂತ ಉಂಟು?’ ಎಂದು ಕೇಳಿದರು. ಸಜ್ಜೆ ರೊಟ್ಟಿಯನ್ನು ನೀರಿನಲ್ಲಿ ನೆನೆಸಿ ನೆನೆಸಿ ತಿಂದರು, ಹಲ್ಲು ಉಳಿದಿರಲಿಲ್ಲ. ಅಲ್ಲೇ, ಔಷಧಿ ವಾಸನೆಯ ನಡುವೆ, ನನ್ನ ಪಾಪನಿವೇದನೆ ಕೇಳಿದರು. ಆಮೇಲೆ ದಿಂಬಿನ ಕೆಳಗಿನಿಂದ ಜಪದ ಪುಸ್ತಕ ತೆಗೆದು ಬಿಡಿಸಿದರು. ಒಳಗೆ ನಾಲ್ಕು ಮಡಿಕೆಯ ಒಂದು ಕಾಗದ. ಗುರುಮಠದ ಆ ಫಾರಂ. ಅವ್ವನ ಹೆಬ್ಬೆಟ್ಟು ಇತ್ತು, ನನ್ನ ಸಹಿಯ ಜಾಗ ಖಾಲಿ ಇತ್ತು.

‘ಇದರ ತಾರೀಖು ಮುಗಿದು ಎಷ್ಟು ಕಾಲ ಆಯಿತು’ ಎಂದೆ.

‘ಹೌದು. ಬೇರೆ ತರಿಸುವ. ಇದನ್ನು ಇಟ್ಟುಕೊಂಡದ್ದು ದಿನಾ ಜಪ ಮಾಡುವಾಗ ನಿನ್ನ ನೆನಪಾಗಲಿ ಅಂತ.’

‘ನಾ ಯೋಗ್ಯ ಅಲ್ರೀ ಸ್ವಾಮಿ.’

‘ಅದು ನನಗೆ ಗೊತ್ತುಂಟು. ಬೇರೆ ಎಂತದಾದರೂ ಹೇಳು.’

ಹೇಳಲು ಬೇರೆ ಏನೂ ಇರಲಿಲ್ಲ. ಬರುತ್ತೇನೆ ಎಂದೆ. ಅವರು ಒಂದೇ ಪ್ರಾಯಶ್ಚಿತ್ತ ಕೊಟ್ಟರು: ‘ಹೊಸ ಫಾರಮ್ಮಿಗೆ ಸಹಿ ಹಾಕುವ ಮೊದಲು ನಿನ್ನ ತಾಯಿಗೆ ಎಲ್ಲ ಹೇಳು. ನಾನು ಹೇಳುವುದಿಲ್ಲ.’

ಮರುದಿನ ಕಾಲುವೆಯ ಕೆಳಗಿನ ಗದ್ದೆಗೆ ಹೋದೆ. ಹೆಂಗಸರು ಸಾಲಾಗಿ ಬಗ್ಗಿ ನಾಟಿ ಹಚ್ಚುತ್ತಿದ್ದರು. ನಾಟಿ ಹಚ್ಚುವವರು ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾರೆ. ಅವ್ವ ನನಗೆ ಬೆನ್ನು ಮಾಡಿಕೊಂಡು ನಾನು ನಿಂತ ಬದುವಿನ ಕಡೆಗೇ ಬರುತ್ತಿದ್ದಳು. ‘ಬೇ, ಒಂದೀಟು ಈ ಕಡಿ ಬಾ, ಮಾತೈತಿ’ ಎಂದೆ.

‘ಮೇಸ್ತ್ರಿ ಬೈತಾನ. ಅಲ್ಲಿಂದ್ಲೇ ಹೇಳು’ ಎಂದಳು, ತಲೆ ಎತ್ತದೆ.

ಅಷ್ಟು ಹೆಂಗಸರ ಮುಂದೆ ಅವಳ ಬೆನ್ನಿಗೆ ಎಲ್ಲವನ್ನೂ ಹೇಳಿದೆ. ಗುರುಮಠದವರು ಒಲ್ಲೆ ಎಂದಿರಲಿಲ್ಲ, ಒಲ್ಲೆ ಎಂದವನು ನಾನು. ಸ್ವಾಮಿಗಳ ಗುರುತಿಲ್ಲ ಎಂದೆ. ನೀರು ಸಹ ಕೊಡಲಿಲ್ಲ. ಅವಳ ಕೈ ನಿಂತಿತು. ಬಗ್ಗಿದವಳು ಬಗ್ಗಿದಂತೆಯೇ ಕೇಳಿದಳು, ‘ರೊಟ್ಟಿ ಯಾರು ತಿಂದ್ರು?’

‘ಎಲ್ಲಾ ಹುಡುಗ್ರಿಗೂ ಹಂಚಿದ್ರು. ನನಗ ಎರಡು ಬಂದ್ವು.’

‘ತಿಂದೇನು?’

‘ತಿಂದೆ.’

‘ಹಸಕೊಂಡು ಕುಂದರಲಿಲ್ಲ ಹಂಗಾದ್ರ’ ಎಂದಳು. ಅವಳು ಮೊದಲು ವಿಚಾರಿಸಿದ್ದು ನನ್ನ ಹಸಿವನ್ನು. ಆಮೇಲೆ ನೆಟ್ಟಗಾಗಿ, ತಿರುಗಿ, ಕೈಯಲ್ಲಿದ್ದ ಸಸಿಯ ಕಟ್ಟನ್ನು ಕೆಸರು ಸಮೇತ ನನ್ನ ಎದೆಗೆ ಬೀಸಿ ಒಗೆದಳು. ‘ಲೇ ಖೋಡಿ! ಎರಡು ವರ್ಷ ಉಪಾಸ ಕೆಡವಿದ್ಯಲ್ಲೋ ನನ್ನ! ನಾ ಮಾಡದ ತಪ್ಪಿಗೆ ದೇವರ ಮುಂದ ಮೂಗು ತಿಕ್ಕಿದೆನಲ್ಲೋ! ಪಾಪಿ ನಾನು, ಪಾಪಿ ನಾನು ಅಂತ ಅತ್ತೆನಲ್ಲೋ, ಪಕ್ಕದಾಗ ಕುಂತು ಉಣ್ಣಾಕತ್ತಿದ್ದೆಲ್ಲೋ!’

ಹೆಂಗಸರು ಮೊದಲು ನಕ್ಕರು, ಆಮೇಲೆ ಮತ್ತೆ ನಾಟಿಗೆ ಬಗ್ಗಿದರು. ಕೆಸರಿನ ಅಂಗಿಯಲ್ಲೇ ನಾನು ಊರೊಳಗೆ ನಡೆದುಬಂದೆ. ಮೂರು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಊಟಕ್ಕೆ ತಾಟು ಮುಂದೆ ತಳ್ಳುತ್ತಿದ್ದಳು, ಅಷ್ಟೇ. ಹೊಸ ಫಾರಂ ಬಂದ ದಿನ ಅದನ್ನು ಅವಳ ಮುಂದಿಟ್ಟು ಅಂಜುತ್ತ ನಿಂತೆ. ‘ಎಲ್ಲಿ ಒತ್ತಬೇಕು ತೋರಿಸು’ ಎಂದಳು. ಒತ್ತಿ, ಬೆರಳಿನ ಮಸಿಯನ್ನು ನನ್ನ ಅಂಗಿಗೇ ಒರೆಸಿದಳು. ಮುಂದಿನ ಮಂಗಳವಾರ ಹೊಟ್ಟೆ ತುಂಬ ಉಂಡಳು.

೧೯೮೮ರ ಜೂನಿನಲ್ಲಿ ಗುರುಮಠ ಸೇರಿದೆ. ಹತ್ತು ವರ್ಷದ ಓದಿನಲ್ಲಿ ಎರಡು ಸಲ ಗಂಟು ಕಟ್ಟಿ ವಾಪಸು ಹೊರಟಿದ್ದೆ, ಆ ಕತೆ ಇಲ್ಲಿ ಬೇಡ. ಲೂಕಸ್ ಸ್ವಾಮಿಗಳು ನನ್ನ ಗುರುದೀಕ್ಷೆ ನೋಡಲಿಲ್ಲ. ನಾನು ತತ್ವಶಾಸ್ತ್ರ ಓದುತ್ತಿದ್ದಾಗ ತಮ್ಮೂರ ಕಡೆಯ ಒಂದು ಆಶ್ರಮದಲ್ಲಿ ತೀರಿಕೊಂಡರು. ೧೯೯೮ರ ಏಪ್ರಿಲ್ಲಿನಲ್ಲಿ ಸಿಂಧನೂರಿನಲ್ಲಿ ಶಾಮಿಯಾನದ ಕೆಳಗೆ ಧರ್ಮಾಧ್ಯಕ್ಷರು ನನ್ನ ಅಂಗೈಗೆ ಎಣ್ಣೆ ಸವರುವಾಗ ಅವ್ವ ಪಕ್ಕದ ಸಿಸ್ಟರಿಗೆ ಹೇಳಿದ ಮಾತು ಮುಂದಿನ ಎರಡು ಸಾಲಿಗೆ ಕೇಳಿಸಿತು: ‘ಆ ಕೈಗೆ ಯಾಕ್ರೀ ಎಣ್ಣಿ? ಅವು ಏನು ಕೆಲಸಾ ಮಾಡ್ಯಾವ?’ ಅವಳ ಕೈ ನೆನಪಾಗಿ ನಾನು ತಲೆ ತಗ್ಗಿಸಿದೆ. ಜನ ಅದನ್ನು ಭಕ್ತಿ ಎಂದುಕೊಂಡರು.

ಇನ್ನೂ ಒಂದು ಬಾಕಿ ಇತ್ತು. ಅದೇ ವರ್ಷದ ಜುಲೈಯಲ್ಲಿ ನಾನು ನಿಲುವಂಗಿ ತೊಟ್ಟು, ಶಿಲುಬೆ ಹಾಕಿಕೊಂಡು, ಬಸ್ಸಿನಲ್ಲಿ ಮಸ್ಕಿಗೆ ಹೋಗಿ ಆ ಹಾಸ್ಟೆಲ್ಲಿನ ಅಂಗಳದಲ್ಲಿ ನಿಂತೆ. ವಾರ್ಡನ್ ಸಾಹೇಬರು ಎಂದೋ ನಿವೃತ್ತರಾಗಿದ್ದರು. ಹುಲಿಗೆಮ್ಮ ಇದ್ದಳು, ತಲೆ ಪೂರ್ತಿ ಬೆಳ್ಳಗಾಗಿತ್ತು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, ‘ಹನುಮಂತ ಅಲ್ಲೇನು? ಸಾರಿನ್ಯಾಗಿನ ಬ್ಯಾಳಿ ಎಲ್ಲಾ ಆರಿಸ್ಕೊಂಡು ತಿಂತಿದ್ದೆಲ್ಲ?’ ಎಂದಳು.

‘ಹೌದ್ರಿ ಅಮ್ಮ. ನಿಮಗ ಒಂದು ಮಾತು ಹೇಳಾಕ ಬಂದೀನಿ. ಒಂದು ಶನಿವಾರ ಹಿರ್ಯಾರೊಬ್ರು ಬಂದಿದ್ರು, ರೊಟ್ಟಿ ಕೊಟ್ಟು ಹೋದ್ರು, ನೆನಪೈತೇನು? ಅವ್ರ ಗುರ್ತು ಇಲ್ಲ ಅಂದಿದ್ದೆ ನಾನು. ಸುಳ್ಳು ಹೇಳಿದ್ದೆ.’

‘ಗೊತ್ತೈತಿ ಬಿಡಪಾ’ ಎಂದಳು ಹುಲಿಗೆಮ್ಮ.

‘ನಿಮಗ ಹೆಂಗ ಗೊತ್ತು?’

‘ನೀರು ಕುಡುದು, ಗಂಟು ನನ್ನ ಕೈಯಾಗ ಕೊಟ್ಟು ಅವ್ರು ಅಂದ್ರು, ಎಲ್ಲಾ ಹುಡುಗ್ರಿಗೂ ಕೊಡ್ರಿ, ಆ ಗ್ವಾಡಿಗಿ ನಿಂತಾನಲ್ಲ, ಅವನಿಗೆ ಮಾತ್ರ ಎರಡು ಇಡೀ ರೊಟ್ಟಿ ಕೊಡ್ರಿ ಅಂತ. ಯಾಕ ಅಂತ ಅವನಿಗೆ ಹೇಳಬ್ಯಾಡ್ರಿ, ಪಾಪ, ಗಂಟಲಾಗ ಇಳಿಯೂದಿಲ್ಲ, ಉಣ್ಣಲಿ ಮೊದ್ಲು ಅಂದ್ರು. ಅದಕ್ಕ ನಾನೂ ಹೇಳಲಿಲ್ಲ. ಈಗ ಹೇಳಿದ್ರ ನಡೀತೈತಿ, ಹೌದಿಲ್ಲೋ?’

ನಡೆಯುತ್ತದೆ ಎಂದು ತಲೆಯಾಡಿಸಿದೆ. ಅವಳು ಒಳಗೆ ಹೋಗಿ ನೀರು ತಂದುಕೊಟ್ಟಳು.

ಇದು ನನ್ನ ಸಾಕ್ಷಿ. ಅವ್ವನ ಮಂಗಳವಾರಗಳನ್ನು ಕೈಬಿಡದ ಸಂತ ಅಂತೋಣಿಯವರಿಗೆ, ಹೇಡಿಯ ಪ್ರಾರ್ಥನೆಯನ್ನೂ ಕೇಳಿಸಿಕೊಂಡ ನನ್ನ ದೇವರಿಗೆ ಕೃತಜ್ಞತೆ. ನಿಮ್ಮ ಮನೆಯಲ್ಲಿ ಯಾವ ಮಗನಿಗಾದರೂ ದೇವರು ಕರೆಯುತ್ತಿದ್ದಾನೆ ಎನಿಸಿದ್ದರೆ, ತಾನು ಎಂಥವನು ಎಂದು ಅವನು ಅಂಜುತ್ತಿದ್ದರೆ, ನನ್ನ ಹತ್ತಿರ ಕಳಿಸಿ. ಅವನಿಗಿಂತ ಕೆಳಗಿನವನೊಬ್ಬ ಇಲ್ಲಿದ್ದಾನೆ ಎಂದು ತೋರಿಸುತ್ತೇನೆ. ನಾಚಿಕೆ ಇನ್ನೂ ಹೋಗಿಲ್ಲ, ಹೋಗಲಿ ಎಂದು ನಾನು ಬೇಡುವುದೂ ಇಲ್ಲ. ದಿನಾ ಪೀಠದ ಮೇಲೆ ರೊಟ್ಟಿ ಮುರಿದು ನಿಮ್ಮ ಕೈಗೆ ಕೊಡುವಾಗ, ಗೋಡೆಗೆ ಆತು ನಿಂತವನಿಗೂ ಸಿಕ್ಕಿತೇ ಎಂದು ಒಮ್ಮೆ ತಲೆ ಎತ್ತಿ ನೋಡುತ್ತೇನೆ.